ಆನ್ ಕಾನ್‌ಫ್ಲಿಕ್ಟ್ ತೆಗೆದು ಮರ್ಜ್ ಹಾಕಬೇಕಾ?

ಬ್ಯಾಕೆಂಡ್_ಹುಡುಗಿ
ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ರೋ (ಟೇಬಲ್‌ನ ಸಾಲು) ಇದ್ದರೆ ಅಪ್‌ಡೇಟ್, ಇಲ್ಲದಿದ್ದರೆ ಇನ್ಸರ್ಟ್ ಆಗಬೇಕಾದ ಕಡೆಯೆಲ್ಲ ಆನ್ ಕಾನ್‌ಫ್ಲಿಕ್ಟ್ ಬರೆದಿದ್ದೇವೆ. ಹೊಸದಾಗಿ ಬಂದ ಟೀಮ್ ಲೀಡ್, ಇದು ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲಿ (ಕ್ವೆರಿ ಭಾಷೆಗೆ ಎಲ್ಲರಿಗೂ ಸಾಮಾನ್ಯವಾಗಿ ಮಾಡಿದ ನಿಯಮ) ಇಲ್ಲ, ನಾಳೆ ಡೇಟಾಬೇಸ್ ಬದಲಾಯಿಸಬೇಕಾಗಿ ಬಂದರೆ ಕಷ್ಟ, ಎಲ್ಲ ಕಡೆ ಅದೇ ಕೆಲಸಕ್ಕೆ ಸ್ಟ್ಯಾಂಡರ್ಡ್‌ನಲ್ಲಿರುವ ಮರ್ಜ್ ಹಾಕಿ ಅಂತಿದ್ದಾರೆ. ಅಷ್ಟು ಕೆಲಸ ಮಾಡಿದರೆ ಲಾಭ ಇದೆಯಾ?

ಡಿಬಿಎ_ಧಾರವಾಡ
ಸುಮ್ನೆ ಬದಲಾಯಿಸಬೇಡಿ. ಎರಡೂ ಒಂದೇ ಅಲ್ಲ. ಎರಡು ಕನೆಕ್ಷನ್‌ಗಳು ಒಂದೇ ಕೀ ಇರುವ ರೋ ಅನ್ನು ಒಂದೇ ಹೊತ್ತಿಗೆ ಸೇರಿಸಲು ಹೋದರೆ, ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್ ಎರಡನೆಯದನ್ನು ಅಪ್‌ಡೇಟ್ ಆಗಿ ಮಾಡಿಬಿಡುತ್ತದೆ, ಮರ್ಜ್‌ನಲ್ಲಿ ಯೂನಿಕ್ ಎರರ್ (ಈ ಕೀ ಆಗಲೇ ಇದೆ ಅನ್ನುವ ಎರರ್) ಬರಬಹುದು. ಟ್ರಾಫಿಕ್ ಜಾಸ್ತಿ ಇರುವ ಟೇಬಲ್ ಆದರೆ ಮತ್ತೆ ಪ್ರಯತ್ನಿಸುವ ಕೋಡ್ ನೀವೇ ಬರೆಯಬೇಕು.

ಇನ್ನೊಂದು ವಿಷಯ. ಮರ್ಜ್ 2003ರಲ್ಲೇ ಸ್ಟ್ಯಾಂಡರ್ಡ್‌ಗೆ ಬಂತು, ಪೋಸ್ಟ್‌ಗ್ರೆಸ್‌ಗೆ ಬಂದಿದ್ದು 2022ರಲ್ಲಿ, 15ನೇ ಆವೃತ್ತಿಗೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಇಲ್ಲವೇ ಇಲ್ಲ, ಎಸ್‌ಕ್ಯೂಲೈಟ್‌ನಲ್ಲೂ ಇಲ್ಲ. ಎಸ್‌ಕ್ಯೂಲೈಟ್‌ನವರು 2018ರಲ್ಲಿ ಪೋಸ್ಟ್‌ಗ್ರೆಸ್‌ನ ಆನ್ ಕಾನ್‌ಫ್ಲಿಕ್ಟ್ ಶೈಲಿಯನ್ನೇ ತೆಗೆದುಕೊಂಡರು. ಹಾಗಾಗಿ ಯಾವ ಡೇಟಾಬೇಸ್‌ಗೆ ಹೋಗುವ ಯೋಚನೆ ಇದೆ ಅಂತ ಮೊದಲು ಲೀಡ್‌ನ ಕೇಳಿ.

ಕ್ವೆರಿ_ಪ್ರಿಯ
ಮೇಲಿನವರು ಹೇಳಿದ್ದು ಸರಿ. ಆದರೆ ಲೀಡ್ ಭಯವೂ ಪೂರ್ತಿ ತಪ್ಪಲ್ಲ, ನನಗೆ ಅದು ಬೇರೆ ಕಡೆ ಇರಬೇಕು ಅನ್ನಿಸುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಇಲ್ಲದ ಪದ ಬಳಸಿದರೆ ಬೇರೆ ಡೇಟಾಬೇಸ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ, ಗೊತ್ತಾಗುತ್ತದೆ, ಸರಿ ಮಾಡುತ್ತೀರಿ. ಸ್ಟ್ಯಾಂಡರ್ಡ್‌ನಲ್ಲಿ ಒಂದು ಅರ್ಥ ಇರುವ ಗುರುತಿಗೆ ಬೇರೆ ಅರ್ಥ ಕೊಟ್ಟಿದ್ದರೆ ಮಾತ್ರ ನಿಜವಾದ ತೊಂದರೆ. || ನೋಡಿ. ಸ್ಟ್ಯಾಂಡರ್ಡ್ ಪ್ರಕಾರ ಅದು ಎರಡು ಸ್ಟ್ರಿಂಗ್ ಜೋಡಿಸಬೇಕು, ಮೈಎಸ್‌ಕ್ಯೂಎಲ್‌ನಲ್ಲಿ ಸೆಟ್ಟಿಂಗ್ ಬದಲಾಯಿಸದಿದ್ದರೆ ಅದು ಆರ್ (OR, ಅಂದರೆ 'ಇದು ಅಥವಾ ಅದು'). ಹೆಸರು, ಊರು ಜೋಡಿಸಲು ಹೋದರೆ ಕ್ವೆರಿ ನಿಲ್ಲುವುದಿಲ್ಲ, 0 ಕೊಟ್ಟು ಮುಂದೆ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲೂ ಸ್ಟ್ರಿಂಗ್ ಒಳಗಿನ ಬ್ಯಾಕ್‌ಸ್ಲ್ಯಾಶ್ ಹೀಗೇ ಇತ್ತು (ಸ್ಟ್ಯಾಂಡರ್ಡ್‌ನಲ್ಲಿ ಸಾದಾ ಅಕ್ಷರ, ಇಲ್ಲಿ ವಿಶೇಷ ಗುರುತು), ವರ್ಷಗಟ್ಟಲೆ ವಾರ್ನಿಂಗ್ ಕೊಟ್ಟು, 9.1ರಲ್ಲಿ ಡೀಫಾಲ್ಟ್ ಅನ್ನು ಸ್ಟ್ಯಾಂಡರ್ಡ್ ಕಡೆಗೆ ತಿರುಗಿಸಿದರು.

ಖರ್ಚಿಲ್ಲದ ಕಡೆ ಸ್ಟ್ಯಾಂಡರ್ಡ್ ಹಿಡಿಯಿರಿ. ಹೊಸ ಟೇಬಲ್‌ನಲ್ಲಿ ತಾನಾಗಿ ಏರುವ ನಂಬರ್‌ಗೆ ಸೀರಿಯಲ್ ಬದಲು ಐಡೆಂಟಿಟಿ, ಡೇಟಾ ಟೈಪ್ ಬದಲಾಯಿಸಲು :: ಬದಲು ಕಾಸ್ಟ್.

ಬ್ಯಾಕೆಂಡ್_ಹುಡುಗಿ
ತುಂಬಾ ಥ್ಯಾಂಕ್ಸ್. ನಮ್ಮ ಒಬ್ಬ ಕ್ಲೈಂಟ್ ಸರ್ವರ್ ಇನ್ನೂ 14ರಲ್ಲೇ ಇದೆ, ಅಂದರೆ ಅಲ್ಲಿ ಮರ್ಜ್ ಓಡುವುದೇ ಇಲ್ಲ ಅಲ್ವಾ?

ಡಿಬಿಎ_ಧಾರವಾಡ
ಓಡುವುದಿಲ್ಲ. ಲೀಡ್‌ಗೆ ಮೊದಲು ಅದನ್ನೇ ಹೇಳಿ.