ಪದಚರ್ಚೆ: ‘ಗ್ರಾಂಟ್’ಗೆ ಏನನ್ನೋಣ? ಅನುದಾನ, ವಂತಿಗೆ, ಕೊಡಗೆ

ಬಳಗದ ಎಲ್ಲರಿಗೂ ನಮಸ್ಕಾರ.

‘ಗ್ರಾಂಟ್’ ಅನ್ನುವುದಕ್ಕೆ ಒಂದು ಕನ್ನಡ ಪದ ಬೇಕಾಗಿದೆ. ‘ಅನುದಾನ ಇದೆಯಲ್ಲ’ ಅಂತ ತಕ್ಷಣ ಉತ್ತರ ಬರೆಯಬೇಡಿ. ಅನುದಾನ ಸಾಲುವುದಿಲ್ಲ ಅನ್ನುವುದೇ ನನ್ನ ತಕರಾರು.

ಹಿನ್ನೆಲೆ ಇಷ್ಟು. ನಾನು ಬೇಲೂರು ಕಡೆಯವನು. ಹಾಸನ ಜಿಲ್ಲೆಯ ಒಂದು ಸಣ್ಣ ರೋಟರಿ ಕ್ಲಬ್ಬಿನಲ್ಲಿದ್ದೇನೆ. ಸರ್ಕಾರಿ ಶಾಲೆಗೆ ಕುಡಿಯುವ ನೀರಿನ ಫಿಲ್ಟರ್, ಕೈ ತೊಳೆಯಲು ನಲ್ಲಿ ಸಾಲು, ಹುಡುಗಿಯರ ಶೌಚಾಲಯದ ರಿಪೇರಿ, ಇಂಥ ಕೆಲಸಗಳಿಗೆ ರೋಟರಿಯಿಂದಲೇ ಬರುವ ‘ಡಿಸ್ಟ್ರಿಕ್ಟ್ ಗ್ರಾಂಟ್’ ಕೇಳುತ್ತೇವೆ. ಅರ್ಜಿ ಇಂಗ್ಲಿಷಿನಲ್ಲೇ ಇರುತ್ತದೆ. ಅದನ್ನು ಬದಲಿಸುವ ಹಟ ನಮಗಿಲ್ಲ. ಆದರೆ ಕೆಲಸ ನಡೆಯುವುದು ಊರಿನಲ್ಲಿ. ಎಸ್‌ಡಿಎಂಸಿಯವರು (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಹೆಡ್‌ಮೇಡಂ, ಬಿಸಿಯೂಟದ ಅಕ್ಕಂದಿರು, ಪಂಚಾಯ್ತಿ ಮೆಂಬರು ಎಲ್ಲ ಕೂತು ಒಪ್ಪಬೇಕು. ಅವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇವೆ. ಇದು ಯಾರ ದುಡ್ಡು, ಯಾಕೆ ಕೊಡುತ್ತಾರೆ, ಊರಿನವರು ಏನು ಹಾಕಬೇಕು, ಆಮೇಲೆ ಲೆಕ್ಕ ಯಾರಿಗೆ ಕೊಡಬೇಕು ಅನ್ನುವುದೆಲ್ಲ ಅದರಲ್ಲಿ ಬರಬೇಕು. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಪದ ಕೈಕೊಡುತ್ತದೆ.

ಸುಮ್ನೆ ‘ಗ್ರಾಂಟ್’ ಅಂತಲೇ ಇಡಬಹುದಲ್ವಾ ಅನ್ನಬಹುದು. ಪೇಟೆಯಲ್ಲಾದರೆ ನಡೆಯುತ್ತದೆ. ಆದರೆ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಹಳ್ಳಿಗಳಲ್ಲಿ ಗ್ರಾಂಟ್ ಅಂದರೆ ಜಮೀನು. ‘ಅದು ಗ್ರಾಂಟ್ ಜಮೀನು’, ‘ನಮ್ಮಪ್ಪನ ಹೆಸರಿಗೆ ಗ್ರಾಂಟ್ ಆಗಿದ್ದು’ ಅನ್ನುತ್ತಾರೆ. ಅದರ ಹಿಂದೆಯೇ ದರಖಾಸ್ತು, ಬಗರ್ ಹುಕುಂ ಸಾಗುವಳಿ, ಅದನ್ನು ಸಕ್ರಮ ಮಾಡಿಸಲು ಹಾಕುವ ಫಾರಂ 50, 53, 57 ಎಲ್ಲ ನೆನಪಿಗೆ ಬರುತ್ತವೆ. ಶಾಲೆಗೆ ಗ್ರಾಂಟ್ ಕೇಳುತ್ತಿದ್ದೇವೆ ಅಂದರೆ ಎಷ್ಟು ಗುಂಟೆ ಅಂತ ಕೇಳುವವರಿದ್ದಾರೆ. ದರಖಾಸ್ತಿನ ಕಥೆಯೂ ಇದೇ. ಪಾರ್ಸಿಯಲ್ಲಿ ಅದಕ್ಕೆ ಬರೀ ಅರ್ಜಿ ಅಂತ ಅರ್ಥ. ನಮ್ಮಲ್ಲಿ ಅರ್ಜಿಯೇ ಜಮೀನಾಗಿ ಕೂತಿದೆ.

ಇನ್ನು ಅನುದಾನ. ಈ ಪದದ ಜೊತೆ ಬರುವ ಕ್ರಿಯಾಪದಗಳನ್ನು ಗಮನಿಸಿ. ಅನುದಾನ ಬಿಡುಗಡೆ ಆಗುತ್ತದೆ, ಮಂಜೂರಾಗುತ್ತದೆ, ಬಳಕೆಯಾಗದೆ ವಾಪಸ್ ಹೋಗುತ್ತದೆ. ‘ಅನುದಾನ ಕೊಟ್ಟರು’ ಅಂದಾಗಲೂ ಕೊಟ್ಟವರು ಸರ್ಕಾರದವರೇ ಆಗಿರುತ್ತಾರೆ. ಅನುದಾನಿತ ಶಾಲೆ, ಶಾಸಕರ ಅನುದಾನ, ಹಣಕಾಸು ಆಯೋಗದ ಅನುದಾನ. ಕೇಳಿದವರ ಮನಸ್ಸಿಗೆ ಇದು ಮೇಲಿನಿಂದ ಬರುವ ದುಡ್ಡು. ತಾವು ಏನೂ ಹಾಕಬೇಕಾಗಿಲ್ಲ, ಕಂಟ್ರಾಕ್ಟರ್ ಬಂದು ಮಾಡಿ ಹೋಗುತ್ತಾನೆ, ನಾಳೆ ನಲ್ಲಿ ಮುರಿದರೆ ಇನ್ನೊಂದು ಅನುದಾನ ಬರಲಿ ಅಂತ ಕಾಯುವುದು. ಹಾಳೆಯಲ್ಲಿ ಅನುದಾನ ಅಂತ ಬರೆದರೆ ಮುಂದಿನ ಸಾಲುಗಳನ್ನು ಯಾರೂ ಸರಿಯಾಗಿ ಓದುವುದಿಲ್ಲ ಅನ್ನುವುದು ನನ್ನ ಅನುಮಾನ.

‘ಜಿಲ್ಲಾ ಅನುದಾನ’ ಅಂದರೆ ಇನ್ನೂ ಕೆಟ್ಟಿತು. ಜಿಲ್ಲಾ ಪಂಚಾಯ್ತಿ ಅಂದುಕೊಂಡು ಸಿಇಒ ಸಾಹೇಬರ ಹೆಸರು ಹೇಳುತ್ತಾರೆ. ರೋಟರಿಯ ಜಿಲ್ಲೆ ಕಂದಾಯದ ಜಿಲ್ಲೆ ಅಲ್ಲ. ಅದು ಕ್ಲಬ್ಬುಗಳ ಒಂದು ಗುಂಪು, ಅದಕ್ಕೊಂದು ನಂಬರ್ ಇರುತ್ತದೆ. ನಮ್ಮದು 3182. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿ ಎಲ್ಲ ಅದರೊಳಗೆ ಬರುತ್ತವೆ. ಇಲ್ಲಿ ನಮ್ಮ ಪತ್ರಿಕೆಗಳ ಕೈಚಳಕವನ್ನೂ ಹೇಳಬೇಕು. ರೋಟರಿ ಪದಗ್ರಹಣದ ಸುದ್ದಿಗಳಲ್ಲಿ ‘ವಲಯ ಸೇನಾನಿ’ ಅಂತ ಬರುತ್ತದೆ. ಜೋನಲ್ ಲೆಫ್ಟಿನೆಂಟ್ ಅಂತ ಅರ್ಥ. ಲಯನ್ಸ್ ಸುದ್ದಿಯಲ್ಲಿ ‘ಜಿಲ್ಲಾ ರಾಜ್ಯಪಾಲರು’, ಅಂದರೆ ಡಿಸ್ಟ್ರಿಕ್ಟ್ ಗವರ್ನರ್, ಬರುತ್ತಾರೆ. ಓದಿದರೆ ಅರಮನೆಯೂ ದಂಡೂ ಕಣ್ಣಿಗೆ ಕಟ್ಟುತ್ತದೆ. ಆದರೂ ನನಗೆ ‘ಸೇನಾನಿ’ ಇಷ್ಟವೇ. ಯಾರೋ ಧೈರ್ಯ ಮಾಡಿ ಕನ್ನಡಕ್ಕೆ ತಂದರು, ಜನ ಒಪ್ಪಿಕೊಂಡರು. ‘ಡಿಸ್ಟ್ರಿಕ್ಟ್’ ಮಾತ್ರ ಇಂಗ್ಲಿಷಿನಲ್ಲೇ ಇರಲಿ ಅಂತ ನನ್ನ ಮತ. ಗೊಂದಲ ಕಡಿಮೆ.

ಈ ದುಡ್ಡಿನ ದಾರಿ ಗೊತ್ತಾದರೆ ಎಂಥ ಪದ ಬೇಕು ಅನ್ನುವುದು ನಿಮಗೂ ಹೊಳೆಯಬಹುದು. ಕ್ಲಬ್ಬುಗಳ ಸದಸ್ಯರು ರೋಟರಿ ಫೌಂಡೇಶನ್ (ಗ್ರಾಂಟ್ ಕೊಡುವ ರೋಟರಿಯ ಸಂಸ್ಥೆ) ನಡೆಸುವ ವಾರ್ಷಿಕ ನಿಧಿಗೆ ಹಣ ಕೊಡುತ್ತಾರೆ. ಆ ಹಣ ಮೂರು ವರ್ಷ ಹೂಡಿಕೆಯಲ್ಲಿರುತ್ತದೆ. ಆಮೇಲೆ ಅದರ ಒಂದು ಪಾಲು ಅದೇ ಡಿಸ್ಟ್ರಿಕ್ಟಿನ ಲೆಕ್ಕಕ್ಕೆ ಬರುತ್ತದೆ. ಡಿಸ್ಟ್ರಿಕ್ಟು ಅದರಲ್ಲಿ ಅರ್ಧದವರೆಗೆ ಈ ಸಣ್ಣ ಗ್ರಾಂಟುಗಳಿಗೆ ತೆಗೆದುಕೊಳ್ಳಬಹುದು. ‘ಗ್ಲೋಬಲ್ ಗ್ರಾಂಟ್’ ಅಂತ ಇನ್ನೊಂದಿದೆ. ಅದಕ್ಕೆ ಕನಿಷ್ಠ 30,000 ಡಾಲರಿನ ಬಜೆಟ್ ಬೇಕು, ಬೇರೆ ದೇಶದ ಕ್ಲಬ್ಬಿನ ಜೊತೆಗಾರಿಕೆಯೂ ಬೇಕು. ನಮ್ಮಂಥ ಊರಿನ ಕ್ಲಬ್ಬಿಗೆ ಸಣ್ಣದೇ ಸರಿ. ಅಂದರೆ ಕೊಡುವವರೂ ಕೇಳುವವರೂ ಹೆಚ್ಚುಕಡಿಮೆ ಒಂದೇ ಜನ.

ಷರತ್ತುಗಳೂ ಇವೆ. ಆಗಲೇ ಶುರು ಮಾಡಿದ ಅಥವಾ ಮುಗಿಸಿದ ಕೆಲಸಕ್ಕೆ ಇದರಿಂದ ದುಡ್ಡು ತುಂಬಿಕೊಳ್ಳುವ ಹಾಗಿಲ್ಲ. ಕ್ಲಬ್ಬಿನವರು ಮೊದಲು ತರಬೇತಿಗೆ ಹೋಗಿ ಒಪ್ಪಂದಕ್ಕೆ ಸಹಿ ಹಾಕಬೇಕು. ಸಾಮಾನು ಕೊಡುವ ಅಂಗಡಿ ಸದಸ್ಯರದ್ದೋ ಅವರ ನೆಂಟರದ್ದೋ ಆದರೆ ಮೊದಲೇ ಹೇಳಬೇಕು. ರಸೀದಿ, ಬ್ಯಾಂಕ್ ಪುಸ್ತಕ ಎಲ್ಲ ಕನಿಷ್ಠ 5 ವರ್ಷ ಇಟ್ಟಿರಬೇಕು. ಉಳಿದ ದುಡ್ಡನ್ನು ಸುಮ್ನೆ ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಹಾಗಾಗಿ ಇದು ದಾನವಲ್ಲ, ಏಕೆಂದರೆ ಲೆಕ್ಕ ಕೇಳುತ್ತಾರೆ. ಸಾಲವೂ ಅಲ್ಲ, ಏಕೆಂದರೆ ತೀರಿಸಬೇಕಾಗಿಲ್ಲ. ಈ ಎರಡರ ನಡುವಿನದಕ್ಕೆ ಕನ್ನಡದಲ್ಲಿ ಏನಿದೆ?

ನಮ್ಮ ಸಭೆಯಲ್ಲಿ ಬಂದ ಪದಗಳನ್ನು ಹೇಳುತ್ತೇನೆ.

ದೇಣಿಗೆ ಅಂದರೆ ಗಣಪತಿ ಪೆಂಡಾಲಿನ ರಸೀದಿ ಪುಸ್ತಕ. ಕೊಟ್ಟವರು ಹೆಸರು ಓದಿಸಿಕೊಳ್ಳುತ್ತಾರೆ, ಲೆಕ್ಕ ಕೇಳುವುದಿಲ್ಲ. ಸಹಾಯಧನ ರೈತರ ಬಾಯಲ್ಲಿ ಆಗಲೇ ಸಬ್ಸಿಡಿಗೆ ನಿಂತುಬಿಟ್ಟಿದೆ, ಹನಿ ನೀರಾವರಿಗೆ, ಸ್ಪ್ರಿಂಕ್ಲರ್ ಪೈಪಿಗೆ. ಕಿರುನಿಧಿ ಅಂತ ಒಬ್ಬರು ಹೇಳಿದರು. ‘ಕಿರು’ ಕೇಳಿದ ಕೂಡಲೇ ಹೆಂಗಸರಿಗೆ ಕಿರುಸಾಲ ನೆನಪಾಗುತ್ತದೆ, ವಾರದ ಕಂತು ಎಷ್ಟು ಅನ್ನುತ್ತಾರೆ. ಅದನ್ನು ಅಲ್ಲಿಗೇ ಬಿಟ್ಟೆವು.

ದತ್ತಿ ಒಳ್ಳೆಯ ಪದ. ಆದರೆ ಇದಕ್ಕೆ ಒಗ್ಗುವುದಿಲ್ಲ. ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ ನೋಡಿ. ಅಸಲು ಬ್ಯಾಂಕಿನಲ್ಲಿ ಕೂತಿರುತ್ತದೆ, ಬಡ್ಡಿಯಲ್ಲಿ ಕಾರ್ಯಕ್ರಮ. ರೋಟರಿ ಫೌಂಡೇಶನ್ ಶುರುವಾದದ್ದೇನೋ ದತ್ತಿಯ ಯೋಚನೆಯಿಂದಲೇ. 1917ರಲ್ಲಿ ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್ ಒಂದು ದತ್ತಿ ಇಡೋಣ ಅಂದರು. ಮೊದಲು ಬಂದದ್ದು ಇಪ್ಪತ್ತಾರೂವರೆ ಡಾಲರ್. ಆದ್ದರಿಂದ ಫೌಂಡೇಶನ್ನಿಗೆ ದತ್ತಿ ಅನ್ನಬಹುದು. ಅಲ್ಲಿಂದ ನಮ್ಮ ನಲ್ಲಿಗೆ ಬರುವ ದುಡ್ಡಿಗೆ ಬೇರೆ ಹೆಸರು ಬೇಕು.

ವಂತಿಗೆ ನನಗೆ ತುಂಬಾ ಬೇಕಾದ ಪದ. ಊರಹಬ್ಬಕ್ಕೆ ಮನೆಗಿಷ್ಟು ಅಂತ ಎತ್ತುವುದು. ಕುಡಿಯುವ ನೀರಿನ ಯೋಜನೆಗಳಲ್ಲಿ ‘ಸಮುದಾಯ ವಂತಿಕೆ’ ಅಂತ ಸರ್ಕಾರವೂ ಬಳಸುತ್ತದೆ. ವಂತಿಗೆಯಲ್ಲಿ ‘ಇದರಲ್ಲಿ ನನ್ನ ಪಾಲಿದೆ’ ಅನ್ನುವ ಅರ್ಥ ಇದೆ. ಹಾಗಾಗಿ ಕ್ಲಬ್ಬು ಮತ್ತು ಊರಿನವರು ಹಾಕುವ ಪಾಲಿಗೆ ಇದನ್ನೇ ಇಟ್ಟುಕೊಂಡಿದ್ದೇವೆ. ಹೊರಗಿನಿಂದ ಬರುವ ದುಡ್ಡಿಗೆ ಇದು ಆಗುವುದಿಲ್ಲ. ನಾವು ಇಷ್ಟು ಹಾಕಿದರೆ ಅವರೂ ಅಷ್ಟು ಹಾಕುತ್ತಾರೆ ಅನ್ನುವ ‘ಮ್ಯಾಚಿಂಗ್’ಗೆ ಸಮಪಾಲು ಸಾಕು. ಹಿರಿಯರೊಬ್ಬರು ಮುಯ್ಯಿ ಅಂದರು. ಮದುವೆ ಮುಯ್ಯಿ, ಗದ್ದೆ ಕೆಲಸದ ಮುಯ್ಯಾಳು, ಕೊಟ್ಟದ್ದು ತಿರುಗಿ ಬರುವುದು. ಮೂರು ವರ್ಷದ ಹಿಂದೆ ಕೊಟ್ಟದ್ದು ಈಗ ಬರುತ್ತಿದೆಯಲ್ಲ, ಅದು ಮುಯ್ಯಿಯೇ ಅಂತ ಅವರ ವಾದ. ಕೇಳಲು ಚೆನ್ನಾಗಿದೆ. ಆದರೆ ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡು ಅಂತಲೂ ಆಗುತ್ತದೆ. ಶಾಲೆ ಕಾಗದದಲ್ಲಿ ಬೇಡ.

ಈಗ ಕೊಡುಗೆಗೆ ಬರುತ್ತೇನೆ. ಇದರ ಬಗ್ಗೆಯೇ ನಿಮ್ಮ ಅಭಿಪ್ರಾಯ ಹೆಚ್ಚು ಬೇಕು.

ಇವತ್ತಿನ ‘ಕೊಡುಗೆ’ ಸವೆದಿದೆ. ಶಾಲೆಯ ಫ್ಯಾನಿನ ರೆಕ್ಕೆ ಮೇಲೆ, ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ‘ಕೊಡುಗೆ: ಇಂಥವರು’ ಅಂತ ಬರೆಸಿರುತ್ತಾರೆ. ಬಟ್ಟೆ ಅಂಗಡಿಯವರು ‘ಹಬ್ಬದ ವಿಶೇಷ ಕೊಡುಗೆ’ ಅಂದರೆ ರಿಯಾಯಿತಿ. ಆದರೆ ಶಾಸನಗಳಲ್ಲಿ ‘ಕೊಡಗೆ’ ಗಟ್ಟಿ ಪದ. ಯಾವುದಕ್ಕೆ ಕೊಟ್ಟದ್ದು ಅನ್ನುವುದನ್ನು ಹಿಂದೆ ಸೇರಿಸಿಯೇ ಹೇಳುತ್ತಿದ್ದರು. ಕಾದಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೊಟ್ಟದ್ದು ಕೆರೆಗೊಡಗೆ. ಮೈಸೂರು ಸೀಮೆಯ ಕಂದಾಯ ಕಾಗದಗಳಲ್ಲಿ ಬರುವ ‘ಕೊಡಗಿ’ ಇನಾಮಿಗೂ ಕೆರೆಗೂ ನಂಟಿದೆ.

ನಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನವೂ ಒಂದು ಗ್ರಾಂಟ್ ಪತ್ರವೇ ಅಲ್ವಾ? ಕಾಲ ಸುಮಾರು ಕ್ರಿ.ಶ. 450. 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಯುದ್ಧದಲ್ಲಿ ಗೆದ್ದ ವಿಜಾರಸನಿಗೆ ಪಲ್ಮಡಿ, ಮೂೞಿವಳ್ಳಿ ಎರಡು ಊರುಗಳನ್ನು ‘ಬಾಳ್ಗೞ್ಚು’ ಆಗಿ ಕೊಟ್ಟರು ಅಂತ ಅದರಲ್ಲಿದೆ. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆಯುವುದು. ಯಾರಿಗೆ, ಯಾಕೆ, ಏನು ಅನ್ನುವುದಲ್ಲದೆ ವೀರರ ‘ಸಮಕ್ಷದೆ’ ಅಂತ ಸಾಕ್ಷಿಯೂ ಇದೆ. ಹಾಳು ಮಾಡಿದವನಿಗೆ ಮಹಾಪಾತಕ ಅಂತ ಎಚ್ಚರಿಕೆಯೂ ಇದೆ. ನಮ್ಮ ಒಪ್ಪಂದದ ಕಾಗದ ಇದಕ್ಕಿಂತ ಉದ್ದ ಇದೆ, ಆದರೆ ಇಷ್ಟು ಖಡಕ್ ಇಲ್ಲ.

ಬಾಳ್ಗೞ್ಚು ಆಗಿಹೋದ ಸಾಹಸಕ್ಕೆ ಕೊಟ್ಟ ಬಹುಮಾನ. ನಮಗೆ ಬೇಕಾದದ್ದು ಅದಲ್ಲ. ಕೆರೆಗೊಡಗೆಯಲ್ಲಿ ಕೆರೆಯ ಕೆಲಸವೂ ಅಂಟಿಕೊಂಡೇ ಬರುತ್ತದೆ. ಕೆರೆ ನೋಡಿಕೊಳ್ಳಬೇಕು, ಹೂಳು ತೆಗೆಸಬೇಕು, ಏರಿ ಕಾಯಬೇಕು. ಅದೇ ನಮ್ಮ ಗ್ರಾಂಟಿನ ಗುಣ. ಹಾಗಾದರೆ ‘ಶಾಲೆಗೊಡಗೆ’, ‘ನೀರುಗೊಡಗೆ’ ಅನ್ನಬಹುದೇ? ನನಗೆ ಒಂದು ಕಡೆ ಆಸೆ, ಒಂದು ಕಡೆ ಅಳುಕು. ಪಂಡಿತರಿಗೆ ಖುಷಿಯಾಗುತ್ತದೆ, ಬಿಸಿಯೂಟದ ಅಕ್ಕ ಕಣ್ಣು ಬಿಡುತ್ತಾರೆ. ‘ಗೊಡಗೆ’ ಕಿವಿಗೆ ಬಿದ್ದರೆ ಕೊಡೆ ಅಂದುಕೊಳ್ಳುವವರೂ ಇರಬಹುದು. ಸದ್ಯಕ್ಕೆ ‘ಕೆಲಸದ ನೆರವು’ ಅಂತ ಬರೆದಿದ್ದೇವೆ. ಯಾವ ಕೆಲಸಕ್ಕೋ ಅದಕ್ಕೇ ಅನ್ನುವುದು ಅದರಲ್ಲಿ ಬರುತ್ತದೆ. ಆದರೆ ಲೆಕ್ಕ ಒಪ್ಪಿಸಬೇಕು ಅನ್ನುವುದು ಬರುವುದಿಲ್ಲ.

ಇನ್ನು ಬೇರೆ ಪದಗಳು, ಬೇಗ ಹೇಳಿಬಿಡುತ್ತೇನೆ.

‘ಕಮ್ಯುನಿಟಿ ಪ್ರಾಜೆಕ್ಟ್’ಗೆ ‘ಸಮುದಾಯ ಯೋಜನೆ’ ಅನ್ನಬೇಡಿ. ಸಮುದಾಯ ಆರೋಗ್ಯ ಕೇಂದ್ರದಲ್ಲಿ ಸರಿಹೋಗುತ್ತದೆ. ಹಳ್ಳಿಯಲ್ಲಿ ‘ಸಮುದಾಯ’ ಅಂದರೆ ಮೊದಲ ಪ್ರಶ್ನೆ ‘ಯಾವ ಸಮುದಾಯದ್ದು?’ ಜಾತಿಗೆ ಮರ್ಯಾದೆಯ ಹೆಸರಾಗಿದೆ ಅದು. ಊರಿನ ಕೆಲಸ ಅಂದರೆ ಮುಗಿಯಿತು. ‘ಪ್ರಾಜೆಕ್ಟ್’ ಕೂಡ ನಮ್ಮ ಕಡೆ ಹೇಮಾವತಿ ಪ್ರಾಜೆಕ್ಟು, ಯಗಚಿ ಪ್ರಾಜೆಕ್ಟು ಅಂತ ಅಣೆಕಟ್ಟಿಗೆ ಅಂಟಿಕೊಂಡಿದೆ. ಮುಳುಗಡೆಯಾದವರ ಮುಂದೆ ಆ ಪದ ತೆಗೆಯದಿದ್ದರೇ ವಾಸಿ.

‘ಸಸ್ಟೇನಬಿಲಿಟಿ’ ಕಾಲಮ್ಮಿಗೆ ಸುಸ್ಥಿರತೆ ಅಂತ ಯಾರೂ ಕೇಳದಿರುವ ಪದ ಇಡುವ ಬದಲು ‘ಮುಂದೆ ನೋಡಿಕೊಳ್ಳುವವರು ಯಾರು? ಕ್ಯಾಂಡಲ್ ಬದಲಿಸುವ ದುಡ್ಡು ಎಲ್ಲಿಂದ?’ ಅಂತ ಪ್ರಶ್ನೆಯನ್ನೇ ಇಟ್ಟೆವು. ಕ್ಯಾಂಡಲ್ ಅಂದರೆ ಫಿಲ್ಟರಿನ ಕ್ಯಾಂಡಲ್. ‘ನೀಡ್ಸ್ ಅಸೆಸ್‌ಮೆಂಟ್’ ಕೂಡ ಹಾಗೇ: ‘ಏನು ಬೇಕು ಅಂತ ಯಾರನ್ನು ಕೇಳಿದಿರಿ?’ ಕೊಟೇಶನ್ನಿಗೆ ದರಪಟ್ಟಿ, ಎಸ್ಟಿಮೇಟಿಗೆ ಅಂದಾಜು ಪಟ್ಟಿ, ಯುಟಿಲೈಸೇಶನ್ ಸರ್ಟಿಫಿಕೇಟಿಗೆ ಹಣ ಬಳಕೆ ಪ್ರಮಾಣಪತ್ರ. ಇವೆಲ್ಲ ಕಚೇರಿಗಳಲ್ಲಿ ಬಳಕೆಯಲ್ಲಿವೆ, ತಕರಾರಿಲ್ಲ.

ತೊಡಕಿರುವುದು ‘ಸ್ಟೀವರ್ಡ್‌ಶಿಪ್’. ಇನ್ನೊಬ್ಬರ ದುಡ್ಡನ್ನು ನಂಬಿಕೆಯಿಂದ ಕಾಪಾಡಿ, ಸರಿಯಾಗಿ ಖರ್ಚು ಮಾಡಿ, ಲೆಕ್ಕ ಒಪ್ಪಿಸುವುದು. ಎಸ್‌ಡಿಎಂಸಿಯ ಪೂರ್ತಿ ಹೆಸರಿನಲ್ಲಿ ‘ಮೇಲುಸ್ತುವಾರಿ’ ಇದೆ. ಆದರೆ ಅದರಲ್ಲಿ ಕಣ್ಗಾವಲಿನ ಅರ್ಥವೇ ಜಾಸ್ತಿ. ಹಳೆಯದು ‘ಪಾರುಪತ್ಯ’. ದೇವಸ್ಥಾನದ ಪಾರುಪತ್ತೇಗಾರರು ದೇವರ ಒಡವೆ, ದವಸ, ದುಡ್ಡು ನೋಡಿಕೊಳ್ಳುತ್ತಿದ್ದರು, ಒಡೆಯರು ಅವರಲ್ಲ. ಅರ್ಥ ಸರಿಯಾಗಿ ಕೂರುತ್ತದೆ. ಆದರೆ ಈಗ ‘ಅಲ್ಲೆಲ್ಲ ಅವನದೇ ಪಾರುಪತ್ಯ’ ಅಂದರೆ ದರ್ಬಾರು ಅಂತ ಅರ್ಥ. ನಿಮ್ಮ ಊರಿನ ಕಡೆ ಈ ಪದ ಒಳ್ಳೆಯ ಅರ್ಥದಲ್ಲಿ ಇನ್ನೂ ಉಳಿದಿದೆಯೇ?

ಹಾಗಾಗಿ ಬಳಗದವರಲ್ಲಿ ಕೇಳುವುದು ಇಷ್ಟು. ‘ಕೆಲಸದ ನೆರವು’ಗಿಂತ ಒಳ್ಳೆಯದು ಇದ್ದರೆ ಹೇಳಿ. ‘ಕೊಡಗೆ’ ಅಥವಾ ‘ಕೊಡಗಿ’ ನಿಮ್ಮ ಕಡೆ ಹೊಲದ ಹೆಸರಿನಲ್ಲೋ ಮನೆತನದ ಹೆಸರಿನಲ್ಲೋ ಉಳಿದಿದ್ದರೆ ಬರೆಯಿರಿ. ಕೊಡಿಗೇಹಳ್ಳಿಗಳಿಗೂ ಇದಕ್ಕೂ ಇರುವ ಸಂಬಂಧವನ್ನು ಶಾಸನ ಓದಿದವರು ವಿವರಿಸಿದರೆ ಉಪಕಾರ. ಉಡುಪಿ, ಶಿವಮೊಗ್ಗ ಕಡೆಯವರು ನಿಮ್ಮ ಕ್ಲಬ್ಬುಗಳ ಕನ್ನಡ ಕಾಗದಗಳಲ್ಲಿ ಏನು ಬರೆಯುತ್ತೀರಿ ಅಂತ ತಿಳಿಸಿ.

ಕೊನೆಯದಾಗಿ ಇನ್ನೊಂದು ಪದ. ದುಡ್ಡು ಹಾಕಲಾಗದವರು ಮರಳು ಹೊಡೆಸಿಕೊಡುತ್ತಾರೆ, ಗಾರೆ ಕೆಲಸಕ್ಕೆ ಬರುತ್ತಾರೆ, ಕೆಲಸದವರಿಗೆ ಊಟ ಹಾಕುತ್ತಾರೆ. ಮೈ ಕೆಲಸಕ್ಕೆ ಶ್ರಮದಾನ ಅಂತ ಇದೆ. ಮರಳು, ಊಟ, ಟ್ರ್ಯಾಕ್ಟರು ಎಲ್ಲ ಸೇರಿಸಿ ದುಡ್ಡಲ್ಲದ ವಂತಿಗೆಗೆ ಒಂದೇ ಮಾತಿನಲ್ಲಿ ಏನನ್ನುತ್ತೀರಿ?