ಇಂಗ್ಲೆಂಡಿನಲ್ಲಿ ಮನೆ ಸಮೇತ ಅಂಗಡಿ ಕೊಳ್ಳಬಹುದಾ?

ಮೂಡಿಗೆರೆ ತೋಟದವ:
ತಮ್ಮ ಲೆಸ್ಟರ್‌ನಲ್ಲಿದ್ದಾನೆ. ಅವನ ಬೀದಿಯಲ್ಲಿ ನಡೆಯುತ್ತಿರುವ ದಿನಸಿ ಅಂಗಡಿ ಮಾರಾಟಕ್ಕಿದೆ. ಮೇಲೆ ಎರಡು ರೂಮಿನ ಮನೆ. ಕಾಫಿಗೆ ಒಳ್ಳೆ ರೇಟು ಸಿಕ್ಕಿದ್ದರಿಂದ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಅಂಗಡಿ ಕೊಂಡರೆ ಸಂಸಾರ ಸಮೇತ ವೀಸಾ ಸಿಗುತ್ತಾ? ಅಮ್ಮ ಮಾತ್ರ "ತೋಟ ಯಾರು ನೋಡ್ತಾರೆ" ಅಂತ ಒಂದೇ ಸಮ.

ಹಾಸನದ ಲೆಕ್ಕಿಗ:
ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು. ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್. 10 ಲಕ್ಷ ರೂಪಾಯಿ ದಾಟಿದ ಹಣಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು, ಆದರೆ ಅಲ್ಲಿವರೆಗೆ ದುಡ್ಡು ಸಿಕ್ಕಿಕೊಳ್ಳುತ್ತದೆ.

ಬೇಲೂರಿನವಳು, ಈಗ ಬರ್ಮಿಂಗ್‌ಹ್ಯಾಮ್:
ಅಣ್ಣ, ಮೊದಲು ವೀಸಾ. ಅಂಗಡಿ ಕೊಂಡ ಮಾತ್ರಕ್ಕೆ ಸಿಗಲ್ಲ. ಹಳೇ ಎಂಟರ್‌ಪ್ರೆನರ್ ವೀಸಾ 2019ರಲ್ಲೇ ಹೊಸಬರಿಗೆ ಮುಚ್ಚಿತು. ಈಗಿನ ಇನ್ನೊವೇಟರ್ ಫೌಂಡರ್ ವೀಸಾಗೆ ಹೊಸ ಐಡಿಯಾ ಬೇಕು, ನಡೆಯುತ್ತಿರುವ ಅಂಗಡಿ ನಡೆಯಲ್ಲ. ಇದನ್ನು ಏಜೆಂಟರು ಸುಮ್ನೆ ನುಂಗಿಬಿಡುತ್ತಾರೆ!

ತಮ್ಮನೇ ಕೊಳ್ಳುವುದಾದರೆ, ಫ್ರೀಹೋಲ್ಡಾ (ಜಾಗ, ಕಟ್ಟಡ ಪೂರ್ತಿ ಸ್ವಂತ) ಲೀಸಾ (ಇಂತಿಷ್ಟು ವರ್ಷದ ಬಾಡಿಗೆ ಕರಾರು) ನೋಡಿ. ಲೀಸ್ ಆದರೆ ಇನ್ನೆಷ್ಟು ವರ್ಷ ಉಳಿದಿದೆ, ಬಾಡಿಗೆ ಯಾವಾಗ ಏರುತ್ತದೆ, ಸೋರುವ ಚಾವಣಿ ಯಾರ ತಲೆಗೆ ಅಂತ ಓದಿಸಿ. ಎಷ್ಟೋ ಲೀಸ್‌ಗಳಲ್ಲಿ ರಿಪೇರಿ ಪೂರ್ತಿ ಬಾಡಿಗೆದಾರನದೇ. ಸ್ಟಾಕಿನ ಬೆಲೆ ಸಾಮಾನ್ಯವಾಗಿ ಬೇರೆ. ಕೆಲಸದವರಿದ್ದರೆ ಅವರೂ ಹಳೇ ಷರತ್ತುಗಳ ಸಮೇತ ನಿಮ್ಮ ಪಾಲಿಗೆ. ಮೂರು ವರ್ಷದ ಲೆಕ್ಕ, ವ್ಯಾಟ್ ರಿಟರ್ನ್ಸ್ ಕೇಳಿ. "ಕ್ಯಾಶ್ ವ್ಯಾಪಾರ ಜಾಸ್ತಿ, ಪುಸ್ತಕದಲ್ಲಿಲ್ಲ" ಅಂದರೆ ಪುಸ್ತಕದಲ್ಲಿರುವುದಕ್ಕೆ ಮಾತ್ರ ಬೆಲೆ ಕಟ್ಟಿ.

ಮೂಡಿಗೆರೆ ತೋಟದವ:
ಥ್ಯಾಂಕ್ಸ್ ಅಕ್ಕ. ಲೀಸಂತೆ, ಆರು ವರ್ಷ ಉಳಿದಿದೆ. ಚಾವಣಿ ವಿಷಯ ಇವತ್ತೇ ಕೇಳಿಸುತ್ತೇನೆ.