ಬೆಳಿಗ್ಗೆ ಸ್ಟಾರ್ಟ್ ಆಗೋದಿಲ್ಲ, ದೇವಿಮನೆ ಘಟ್ಟ ಎಳೆಯೋದಿಲ್ಲ – 110 ಸಿಸಿ ಸ್ಕೂಟರ್

ಕುಮಟಾ_ಸವಾರ:

ನಮಸ್ಕಾರ. 2014ರ ಮಾಡೆಲ್ ಗೇರ್‌ಲೆಸ್ ಸ್ಕೂಟರ್, ಕಾರ್ಬೊರೇಟರಿನದ್ದು, ಚೋಕ್ ಕೈಯಲ್ಲಿ ಎಳೆಯೋದು. 41,000 ಕಿ.ಮೀ. ಓಡಿದೆ. ಮಳೆಗಾಲದಲ್ಲಿ ಒಂದು ತಿಂಗಳು ಅಂಗಳದ ಚಪ್ಪರದಡಿ ನಿಂತೇ ಇತ್ತು. ಈಗ ಬೆಳಿಗ್ಗೆ ಸೆಲ್ಫ್‌ಗೆ ಆಗೋದಿಲ್ಲ, ಹದಿನೈದು ಇಪ್ಪತ್ತು ಕಿಕ್ ಬೇಕು. ಚೋಕ್ ಎಳೆದರೆ ಹಿಡೀತದೆ, ಒಳಗೆ ಬಿಟ್ಟ ಕೂಡಲೇ ಆಫ್. ಬಿಸಿಯಾದ ಮೇಲೆ ಓಡ್ತದೆ, ಆದ್ರೆ ಪೂರ್ತಿ ಆಕ್ಸಿಲರೇಟರ್ ಕೊಟ್ರೆ ಮುಗ್ಗರಿಸ್ತದೆ, ಅರ್ಧಕ್ಕೆ ಇಳಿಸಿದ್ರೆ ಪರವಾಗಿಲ್ಲ. ಹೈವೇಯಲ್ಲಿ 50 ದಾಟೋದಿಲ್ಲ. ಶಿರಸಿ ಕಡೆಗೆ ಹೋಗುವಾಗ ಕತಗಾಲ ದಾಟಿ ಘಟ್ಟ ಶುರುವಾದ್ರೆ ಇಬ್ಬರಿದ್ದಾಗ 20ಕ್ಕೆ ಬರ್ತದೆ. ಪ್ಲಗ್, ಬ್ಯಾಟರಿ, ಏರ್ ಫಿಲ್ಟರ್ ಮೂರೂ ಹೊಸತು ಹಾಕಿ ಆಯ್ತು. ಟ್ಯಾಪೆಟ್ ಶಬ್ದ ಒಂದಿಷ್ಟೂ ಇಲ್ಲ, ಅಂದ್ರೆ ವಾಲ್ವ್ ಕಡೆಯ ಟಿಕ್ ಟಿಕ್ ಕೇಳೋದಿಲ್ಲ, ಹಾಗಾಗಿ ಇಂಜಿನ್ ಒಳಗೆ ಸರಿ ಇದೆ ಅಂತ ಎಣಿಸಿದ್ದೇನೆ. ಇನ್ನು ಎಲ್ಲಿಂದ ಹುಡುಕೋದು?

ಅಂಕೋಲಾ_ಸ್ಪ್ಯಾನರ್:

ಹೊಸ ಸಾಮಾನು ಹಾಕೋದು ಇಲ್ಲಿಗೆ ನಿಲ್ಲಿಸಿ. ಘಟ್ಟದಲ್ಲಿ ಎಳೆಯದಿದ್ದಾಗ ಇಂಜಿನ್ ಶಬ್ದ ಹೇಗಿರ್ತದೆ ಅಂತ ಮೊದಲು ಕಿವಿಗೊಟ್ಟು ಕೇಳಿ. ಇಂಜಿನ್ ಜೋರಾಗಿ ಕೂಗ್ತಾ ಇದ್ದು ಗಾಡಿ ಮಾತ್ರ ಮುಂದೆ ಹೋಗದಿದ್ರೆ ತಪ್ಪು ಚಕ್ರಕ್ಕೆ ಶಕ್ತಿ ಒಯ್ಯುವ ಬೆಲ್ಟ್, ರೋಲರ್, ಕ್ಲಚ್ ಕಡೆಗೆ. ಇಂಜಿನ್ನೇ ಮೇಲೆ ಏಳದೆ ತಡವರಿಸಿದ್ರೆ ಪೆಟ್ರೋಲು, ಗಾಳಿ, ಕಿಡಿ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ), ಈ ನಾಲ್ಕರಲ್ಲಿ ಒಂದು. ನೀವು ಬರೆದದ್ದು ನೋಡಿದ್ರೆ ಎರಡನೇ ಜಾತಿ.

ಚೋಕ್ ಬಿಟ್ಟ ಕೂಡಲೇ ಆಫ್ ಆಗೋದು ಅಂದ್ರೆ ಪೆಟ್ರೋಲು ಕಡಿಮೆ ಬೀಳ್ತಾ ಇದೆ. ಒಂದು ಪರೀಕ್ಷೆ ಮಾಡಿ: ಬಿಸಿ ಇಂಜಿನ್‌ನಲ್ಲಿ, ಖಾಲಿ ರಸ್ತೆಯಲ್ಲಿ, ಮುಗ್ಗರಿಸುವಾಗ ಚೋಕ್ ಕಾಲು ಭಾಗ ಎಳೀರಿ. ಗಾಡಿ ಚೇತರಿಸಿಕೊಂಡ್ರೆ ಪೆಟ್ರೋಲು ಸಾಲ್ತಾ ಇಲ್ಲ ಅಂತ ಖಾತ್ರಿ. ಇನ್ನೂ ಕೆಟ್ರೆ ಪೆಟ್ರೋಲು ಹೆಚ್ಚು, ಇಲ್ಲಾ ಸೈಲೆನ್ಸರ್ ಕಟ್ಟಿದೆ.

ಆಮೇಲೆ ಕಾರ್ಬೊರೇಟರ್ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ, ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡ್ರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರ್ತದೆ, ಅದು ತೇವ ಹೀರಿಕೊಳ್ತದೆ. ನೀರಿನ ಪ್ರಮಾಣ ಮಿತಿ ಮೀರಿತೋ, ನೀರು ಮತ್ತು ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬಿಟ್ಟು ಟ್ಯಾಂಕಿನ ತಳಕ್ಕೆ ಇಳೀತವೆ. ನಮ್ಮ ಕರಾವಳಿ ಮಳೆಯಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗೆ ಇದು ಬರೋದೇ. ಹಾಗಿದ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡ್ಬೇಕು, ಮೇಲಿಂದ ಹೊಸ ಪೆಟ್ರೋಲು ಸುರಿದ್ರೆ ಸಾಲೋದಿಲ್ಲ.

ಕಾರ್ಬೊರೇಟರ್ ಬಿಚ್ಚಿದಾಗ ಪೈಲಟ್ ಜೆಟ್ (ನಿಧಾನ ಓಟಕ್ಕೆ ಪೆಟ್ರೋಲು ಬಿಡುವ ಸಣ್ಣ ಹಿತ್ತಾಳೆ ನಳಿಗೆ) ಬೆಳಕಿಗೆ ಹಿಡಿದು ನೋಡಿ. ರಂಧ್ರ ಕೂದಲೆಳೆಯಷ್ಟು ಸಣ್ಣ, ದುಂಡಗೆ ಬೆಳಕು ಕಾಣಬೇಕು. ಹಸಿರು ಪಾಚಿಯ ಹಾಗೆ ಕಟ್ಟಿದ್ರೆ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು ಗಾಳಿ ಹೊಡೀರಿ. ತಂತಿ ಹಾಕಿ ಚುಚ್ಚಬೇಡಿ, ಹಿತ್ತಾಳೆ ಮೆತ್ತಗಿನ ಲೋಹ, ರಂಧ್ರ ದೊಡ್ಡದಾದ್ರೆ ಆ ಜೆಟ್ ಎಸೆಯೋದೇ. ಪೈಲಟ್ ಸ್ಕ್ರೂ (ನಿಧಾನ ಓಟದ ಮಿಶ್ರಣ ಹೊಂದಿಸೋದು) ಬಿಚ್ಚುವ ಮೊದಲು ಹಗುರಾಗಿ ಒಳಗೆ ಮುಟ್ಟುವವರೆಗೆ ತಿರುಗಿಸಿ, ಎಷ್ಟು ಸುತ್ತು ಬಂತು ಬರೆದಿಟ್ಟುಕೊಳ್ಳಿ. ವಾಪಸ್ ಅಷ್ಟೇ ಸುತ್ತು ಹೊರಗೆ.

ಇದೆಲ್ಲ ಅಂಗಳದಲ್ಲಿ ಮಾಡಿ. ಅಡುಗೆಮನೆ ಪಕ್ಕ ಬೇಡ, ದೇವರ ದೀಪ ಇರುವಲ್ಲೂ ಬೇಡ.

ಶಿರಸಿ_ಮಲೆನಾಡಿಗ:

ಘಟ್ಟ ಹತ್ತಿದ ಹಾಗೆ ಗಾಳಿ ತೆಳ್ಳಗಾಗ್ತದಲ್ಲ. ಸಣ್ಣ ನಂಬರಿನ, ಅಂದ್ರೆ ಕಡಿಮೆ ಪೆಟ್ರೋಲು ಬಿಡುವ ಮೇನ್ ಜೆಟ್ ಹಾಕಿದ್ರೆ ಆಗೋದಿಲ್ವಾ?

ಅಂಕೋಲಾ_ಸ್ಪ್ಯಾನರ್:

ಬೇಡ ಮಾರಾಯ್ರೆ. ಶಿರಸಿ ಇರೋದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಅಷ್ಟು ಎತ್ತರಕ್ಕೆ ಇಂಜಿನ್ ಶಕ್ತಿ ನೂರಕ್ಕೆ ಆರೇಳು ಪಾಲು ಇಳಿಯಬಹುದು, 40ರಲ್ಲಿ ಹೋಗುವ ಗಾಡಿ 20ಕ್ಕೆ ಬರೋದಿಲ್ಲ. ಅವರ ಗಾಡಿಗೆ ಈಗಲೇ ಪೆಟ್ರೋಲು ಸಾಲ್ತಾ ಇಲ್ಲದ ಲಕ್ಷಣ, ಸಣ್ಣ ಜೆಟ್ ಹಾಕಿದ್ರೆ ಇನ್ನೂ ಕಡಿಮೆಯಾಗ್ತದೆ.

ಕಾರವಾರ_ಕಡಲತೀರ:

ಮೇಲಿನದ್ದು ಸರಿ, ಆದ್ರೆ "ಟ್ಯಾಪೆಟ್ ಶಬ್ದ ಒಂದಿಷ್ಟೂ ಇಲ್ಲ" ಅನ್ನೋದನ್ನು ಯಾರೂ ಹಿಡಿಯಲಿಲ್ಲ. ನನಗೆ ಎಲ್ಲಕ್ಕಿಂತ ಅನುಮಾನ ಬಂದದ್ದು ಅಲ್ಲೇ.

ಓಡಿದ ಹಾಗೆ ವಾಲ್ವ್ ತನ್ನ ಸೀಟಿನಲ್ಲಿ ಸವೆದು ಒಳಗೆ ಕೂರ್ತದೆ, ಅದರ ಕಾಂಡ ತನ್ನನ್ನು ಒತ್ತುವ ರಾಕರ್ ಕಡೆಗೆ ಏರ್ತದೆ, ನಡುವಿನ ಅಂತರ ಮುಚ್ಚಿಹೋಗ್ತದೆ. ಹೀಗೆ ಬಿಗಿಯಾದ ವಾಲ್ವ್ ಶಬ್ದ ಮಾಡೋದಿಲ್ಲ. ಸಣ್ಣಗೆ ಟಿಕ್ ಟಿಕ್ ಅನ್ನುವ ಇಂಜಿನ್‌ಗಿಂತ ಪೂರ್ತಿ ಮೌನವಾದ ಇಂಜಿನ್ ಮೇಲೇ ಹೆಚ್ಚು ನಿಗಾ ಬೇಕು. ವಾಲ್ವ್ ಪೂರ್ತಿ ಮುಚ್ಚದಿದ್ರೆ ಕಂಪ್ರೆಶನ್ ಸೋರ್ತದೆ, ಕಿಕ್ ಹಗುರಾಗ್ತದೆ, ಸ್ಟಾರ್ಟಿಂಗ್ ಕಷ್ಟ. ಎಕ್ಸಾಸ್ಟ್ ವಾಲ್ವ್ ಬಿಸಿ ಬಿಡೋದು ಸೀಟಿಗೆ ತಾಗಿ ಕೂತಾಗ. ಕೂರದಿದ್ರೆ ಅಂಚು ಸುಡ್ತದೆ, ಆಮೇಲೆ ಇಂಜಿನ್ ಹೆಡ್ ಬಿಚ್ಚುವ ಕೆಲಸ.

ಅಳೆಯೋದು ರಾತ್ರಿಯಿಡೀ ತಣ್ಣಗಾದ ಇಂಜಿನ್‌ನಲ್ಲಿ ಮಾತ್ರ. ಪ್ಲಗ್ ತೆಗೀರಿ, ಟ್ಯಾಪೆಟ್ ಕವರ್ ಮತ್ತು ಫ್ಯಾನ್ ಕವರ್ ಬಿಚ್ಚಿ. ಫ್ಯಾನ್ ಹಿಡಿದು ನಿಧಾನ ತಿರುಗಿಸಿ ಪಿಸ್ಟನ್ ತುತ್ತತುದಿಗೆ ಬಂದದ್ದನ್ನು ತೋರಿಸುವ 'ಟಿ' ಗುರುತನ್ನು ಕೇಸಿನ ಗುರುತಿಗೆ ಸರಿಯಾಗಿ ನಿಲ್ಲಿಸಿ. ಇನ್‌ಟೇಕ್ ವಾಲ್ವ್ ಒತ್ತಿ ಮೇಲೆ ಬಂದ ನಂತರ ಸಿಗುವ 'ಟಿ' ಬೇಕು, ಅದು ಕಂಪ್ರೆಶನ್ ಹೊಡೆತದ್ದು. ಇನ್ನೊಂದರಲ್ಲಿ ಅಳೆದ್ರೆ ಲೆಕ್ಕ ಪೂರ್ತಿ ತಪ್ಪು. ಅಂತರ ಅಳೆಯುವ ಫೀಲರ್ ಗೇಜಿನ ತೆಳು ಎಲೆ ಸ್ವಲ್ಪ ಎಳೆತದೊಂದಿಗೆ ಜಾರಬೇಕು. ಅಂತರದ ಅಂಕಿ ನಿಮ್ಮ ಮಾಡೆಲ್‌ನ ಮ್ಯಾನುವಲ್‌ನಲ್ಲಿರೋದೇ ಇಡಿ, ಇನ್‌ಟೇಕ್ ಮತ್ತು ಎಕ್ಸಾಸ್ಟ್‌ಗೆ ಬೇರೆ ಬೇರೆ ಇರಬಹುದು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗ್ತದೆ, ಹಾಗಾಗಿ ಬಿಗಿದ ಮೇಲೆ ಮತ್ತೊಮ್ಮೆ ಅಳೀಲೇಬೇಕು.

ಅಂತರ ಸರಿ ಮಾಡಿದ ಮೇಲೂ ಕಿಕ್ ಹಗುರಾಗೇ ಇದ್ರೆ, ಪ್ಲಗ್ ರಂಧ್ರದಲ್ಲಿ ಒಂದು ಚಮಚ, ಅಂದ್ರೆ 5 ಮಿಲಿ ಇಂಜಿನ್ ಆಯಿಲ್ ಬಿಟ್ಟು ನಾಲ್ಕೈದು ಕಿಕ್ ಹೊಡೆದು ಪ್ಲಗ್ ಹಾಕಿ ನೋಡಿ. ಕಿಕ್ ಗಟ್ಟಿಯಾದ್ರೆ ಪಿಸ್ಟನ್ ರಿಂಗ್ ಸವೆದಿದೆ, ಆಗದಿದ್ರೆ ವಾಲ್ವ್ ಸೋರ್ತಿದೆ.

ಇನ್ನು ಪ್ಲಗ್ ಹೊಸತಾದ್ರೂ ಕ್ಯಾಪ್ ಹಳೇದೇ ಇರ್ಬೇಕು. ಕಡಲ ಗಾಳಿಗೆ ಕ್ಯಾಪ್ ಒಳಗೆ ತಾಮ್ರದ ಎಳೆ ಹಸಿರು ಹಿಟ್ಟಾಗಿರ್ತದೆ. ಕ್ಯಾಪ್ ಎಡಕ್ಕೆ ತಿರುಗಿಸಿ ತೆಗೆದು, ವೈರಿನ ತುದಿ 5 ಮಿ.ಮೀ. ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ವಾಪಸ್ ತಿರುಪಿ. ಏರ್ ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ಅಡಿ ನೇತಾಡುವ, ತುದಿ ಮುಚ್ಚಿದ ಕುರುಡು ಪೈಪ್ ಕೂಡ ಒಮ್ಮೆ ಬಿಚ್ಚಿ, ಆಯಿಲ್ ಮತ್ತು ನೀರು ಅಲ್ಲಿ ತುಂಬಿರ್ತದೆ. ಸೈಲೆನ್ಸರ್ ಬಾಯಿಯೊಳಗೆ ಟಾರ್ಚ್ ಬಿಡಿ, ನಿಂತ ಗಾಡಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟೋದು ಅಲ್ಲೇ.

ಕುಮಟಾ_ಸವಾರ:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಬಾಟಲಿ ತಳದಲ್ಲಿ ಬೆರಳಗಲ ನೀರಿನ ಪದರ ಕಂಡಿತು. ಟ್ಯಾಂಕ್ ಖಾಲಿ ಮಾಡಿದೆ. ಪೈಲಟ್ ಜೆಟ್ ಪೂರ್ತಿ ಕಟ್ಟಿತ್ತು, ಮೇನ್ ಜೆಟ್ ಅರ್ಧ. ಇನ್‌ಟೇಕ್ ಸರಿ ಇತ್ತು, ಎಕ್ಸಾಸ್ಟ್ ವಾಲ್ವ್‌ಗೆ 0.05 ಮಿ.ಮೀ. ಎಲೆಯೂ ಹೋಗಲಿಲ್ಲ. ಮ್ಯಾನುವಲ್ ಪ್ರಕಾರ ಇಟ್ಟ ಮೇಲೆ ಕಿಕ್ ಕಾಲಿಗೆ ಗಟ್ಟಿ ಸಿಗ್ತದೆ, ಬೆಳಿಗ್ಗೆ ಸೆಲ್ಫ್‌ಗೇ ಹಿಡೀತದೆ. ಮುಗ್ಗರಿಸೋದು ನಿಂತಿದೆ. ಹೈವೇಯಲ್ಲಿ ಮಾತ್ರ ಈಗ 60ರ ಹತ್ತಿರ ಬಂದು ನಿಲ್ತದೆ, ಇಂಜಿನ್ ಕೂಗ್ತದೆ, ವೇಗ ಏರೋದಿಲ್ಲ.

ಅಂಕೋಲಾ_ಸ್ಪ್ಯಾನರ್:

ಇಂಜಿನ್ ಕೂಗಿ ವೇಗ ಏರದಿರೋದು ಮೊದಲನೇ ಜಾತಿ. ಇಂಜಿನ್ ಸುಸ್ತಾಗಿದ್ದಾಗ ಬೆಲ್ಟಿನ ತಪ್ಪು ಅದರ ಹಿಂದೆ ಅಡಗಿತ್ತು. ಎಡಗಡೆಯ ಕವರ್ ತೆಗೆದು ಬೆಲ್ಟ್ ಅಗಲವನ್ನು ವರ್ನಿಯರ್‌ನಲ್ಲಿ ಅಳೀರಿ, ಮ್ಯಾನುವಲ್‌ನ ಮಿತಿಗಿಂತ ಕಿರಿದಾಗಿದ್ರೆ ಅದು ಮುಂದಿನ ಪುಲ್ಲಿಯ ಹೊರ ಅಂಚಿಗೆ ಏರೋದಿಲ್ಲ, ವೇಗ ಅಲ್ಲಿಗೇ ನಿಲ್ತದೆ. ಬೆಲ್ಟ್ ಮಡಚಿ ಹಲ್ಲಿನ ಬುಡದಲ್ಲಿ ಬಿರುಕು ಇದೆಯಾ ನೋಡಿ. ರೋಲರ್ ಆರೂ ಕೈಗೆ ತಗೊಳ್ಳಿ, ಒಂದು ಬದಿ ಚಪ್ಪಟೆ ಆಗಿದ್ರೆ ಆರನ್ನೂ ಒಟ್ಟಿಗೆ ಬದಲಿಸಿ, ಅದೇ ತೂಕದ್ದೇ ತನ್ನಿ. ಪುಲ್ಲಿ ಮುಖಕ್ಕೆ ಗ್ರೀಸ್ ಸವರಬೇಡಿ, ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿ. ಬೆಲ್ಟಿನ ಮೇಲೆ ಬಾಣದ ಗುರುತಿದ್ರೆ ಅದು ಚಕ್ರ ತಿರುಗುವ ದಿಕ್ಕಿಗೇ ಇರಲಿ. ಮುಂದಿನ ನಟ್ ಬಿಗಿಯುವ ಮೊದಲು ಹಿಂದಿನ ಪುಲ್ಲಿ ಅಗಲಿಸಿ ಬೆಲ್ಟನ್ನು ಒಳಗೆ ಆಳಕ್ಕೆ ಕೂರಿಸಿ. ಹಾಗೆ ಮಾಡದಿದ್ರೆ ಬೆಲ್ಟ್ ಮುಂದಿನ ಪುಲ್ಲಿಯ ಎರಡು ತಟ್ಟೆಗಳ ನಡುವೆ ಸಿಕ್ಕಿಕೊಳ್ತದೆ, ನಟ್ ಬಿಗಿ ಬಂತು ಅಂತ ಅನಿಸಿದ್ರೂ ಓಡುವಾಗ ಸಡಿಲಾಗ್ತದೆ.